ದೋಣಿಯ ಮೇಲ್ಕಟ್ಟು ‘ಜಗ್ಗಿದೆ’ ಎಂದರೆ ಬಿಗಿಯಾಗಿದೆಯೇ, ಜೋತಿದೆಯೇ?

ಪದಚರ್ಚೆಯ ಎಲ್ಲರಿಗೂ ಗಂಗಾವತಿಯಿಂದ ನಮಸ್ಕಾರ.

‘ಜಗ್ಗು’ ಎಂಬ ಕ್ರಿಯಾಪದದ ಬಗ್ಗೆ ನಿಮ್ಮೆಲ್ಲರ ಅಭಿಪ್ರಾಯ ಬೇಕಾಗಿದೆ. ಅದರ ಬೆನ್ನಿಗೇ ಇನ್ನೂ ಕೆಲವು ಪದಗಳ ಪ್ರಶ್ನೆಯೂ ಇದೆ. ಈ ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಕೆಲಸವನ್ನು ಕಣ್ಣಮುಂದೆ ಇಟ್ಟುಕೊಳ್ಳದೆ ಇಂಥ ಪದಗಳನ್ನು ತೂಗಲು ಬರುವುದಿಲ್ಲ.

ಮುನಿರಾಬಾದಿನಿಂದ ಮೇಲಕ್ಕೆ, ತುಂಗಭದ್ರೆಯ ಹಿನ್ನೀರಿನಲ್ಲಿ, ನಮ್ಮ ಬೀಗರೊಬ್ಬರ ಮೋಟಾರು ದೋಣಿಯಿದೆ. ಬಿಸಿಲಿಗೆಂದು ಅದರ ಮೇಲೆ ಬಟ್ಟೆಯ ಟಾಪು ಹಾಕಿಸಿದ್ದಾರೆ. ಅಡ್ಡಡ್ಡ ನಿಲ್ಲುವ ಪೈಪಿನ ಕಮಾನುಗಳು, ಅವುಗಳ ಮೇಲೆ ಹೊದಿಸಿದ ದಪ್ಪ ಬಟ್ಟೆ, ಮುಂದಕ್ಕೂ ಹಿಂದಕ್ಕೂ ಎಳೆದು ದೋಣಿಯ ಅಂಚಿಗೆ ಕಟ್ಟುವ ಪಟ್ಟಿಗಳು: ಇಷ್ಟೇ ಅದರ ರಚನೆ. ಬೇಡವೆಂದಾಗ ಕಮಾನುಗಳನ್ನು ಕೀಲಿನಲ್ಲಿ ಮಡಚಿ ಹಿಂದಕ್ಕೆ ಒರಗಿಸಬಹುದು. ಹೊರದೇಶಗಳ ದೋಣಿಯವರು ಇದನ್ನು ಬಿಮಿನಿ ಎಂದು ಕರೆಯುತ್ತಾರೆ. ಬಿಮಿನಿ ಬಹಾಮಾಸ್‌ನ ಒಂದು ದ್ವೀಪಸಮೂಹದ ಹೆಸರು. ನಮ್ಮ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಸುತ್ತ ಮರದ ನೆರಳೂ ಇಲ್ಲದ ನೀರಿನ ನಡುವೆ ಈ ಬಟ್ಟೆ ಇಲ್ಲದೆ ಕುಳಿತುಕೊಳ್ಳುವುದು ಕಷ್ಟ.

ಟಾಪಿನೊಂದಿಗೆ ಬಂದ ಕೈಪಿಡಿ ಇಂಗ್ಲಿಷಿನಲ್ಲಿದೆ. ದೋಣಿ ನೋಡಿಕೊಳ್ಳುವ ಹುಡುಗರು ಕನ್ನಡವನ್ನಷ್ಟೇ ಸಲೀಸಾಗಿ ಓದುವವರು. ‘ಹರಿದರೆ ಹೇಗೆ ಹೊಲಿಯಬೇಕು, ಸಡಿಲವಾದರೆ ಹೇಗೆ ಬಿಗಿಯಬೇಕು ಎಂಬುದನ್ನು ಅವರಿಗೆ ತಿಳಿಯುವಂತೆ ಎರಡು ಪುಟ ಬರೆದುಕೊಡಿ’ ಎಂದು ಬೀಗರು ಕೇಳಿದರು. ಆ ಎರಡು ಪುಟಗಳ ಕರಡು ನನ್ನ ಮುಂದಿದೆ. ಅದರಲ್ಲಿ ಈ ಒಂದು ವಾಕ್ಯವಿದೆ:

‘ಮಳೆ ಬರುವ ಮೊದಲು ಬಟ್ಟೆ ಜಗ್ಗಿದೆಯೇ ಎಂದು ನೋಡಿ.’

ಕರಡನ್ನು ಇಬ್ಬರಿಗೆ ಓದಲು ಕೊಟ್ಟೆ. ಒಬ್ಬರು ಇಲ್ಲಿಯ ಅಕ್ಕಿ ಗಿರಣಿಗಳಿಗೂ ಲಾರಿಗಳಿಗೂ ತಾಡಪತ್ರಿ ಹೊಲಿದುಕೊಡುವ ಹಿರಿಯರು. ಅವರು ಆ ಸಾಲಿನ ಮೇಲೆ ಬೆರಳಿಟ್ಟು, ‘ಜಗ್ಗಿದ್ದರೆ ಒಳ್ಳೆಯದೇ ಸರ್, ಯಾರೋ ಎಳೆದು ಕಟ್ಟಿದ್ದಾರೆ ಎಂದಾಯಿತು. ಜಗ್ಗಿರದಿದ್ದರೆ ಏನು ಮಾಡಬೇಕು ಎಂಬುದನ್ನು ಬರೆಯಿರಿ’ ಎಂದರು. ಇನ್ನೊಬ್ಬರು ತುಮಕೂರಿನ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿರುವ ಶಿಕ್ಷಕಿ. ಅವರು ಅದೇ ಸಾಲನ್ನು ಓದಿ, ‘ಹೌದು, ಜಗ್ಗಿದ್ದರೆ ನೀರು ನಿಲ್ಲುತ್ತದೆ, ಎತ್ತಿ ಕಟ್ಟಬೇಕು’ ಎಂದರು. ಒಬ್ಬರಿಗೆ ಜಗ್ಗಿದ ಬಟ್ಟೆ ಬಿಗಿಯಾದ ಬಟ್ಟೆ, ಇನ್ನೊಬ್ಬರಿಗೆ ಜೋತುಬಿದ್ದ ಬಟ್ಟೆ. ಇಬ್ಬರೂ ಕನ್ನಡವನ್ನು ಚೆನ್ನಾಗಿ ಬಲ್ಲವರು, ಇಬ್ಬರ ಅರ್ಥವೂ ಸರಿ.

ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ಇಲ್ಲಿಂದ ಬಡಗಣಕ್ಕೆ ಜಗ್ಗು ಎಂದರೆ ಮೊದಲಿಗೆ ಎಳೆಯುವುದೇ. ಬಾವಿಯಿಂದ ನೀರು ಜಗ್ಗುತ್ತೇವೆ, ಎತ್ತಿನ ಹಗ್ಗ ಜಗ್ಗುತ್ತೇವೆ, ಸೆರಗು ಹಿಡಿದು ಜಗ್ಗುವ ಮಗುವನ್ನು ಗದರಿಸುತ್ತೇವೆ. ತೆಂಕಣದಲ್ಲಿಯೂ ಈ ಅರ್ಥ ಅಪರಿಚಿತವಲ್ಲ, ಹಗ್ಗಜಗ್ಗಾಟ ಎಲ್ಲರಿಗೂ ಗೊತ್ತು. ಆದರೆ ‘ಕಾಯಿಯ ಭಾರಕ್ಕೆ ಕೊಂಬೆ ಜಗ್ಗಿದೆ’ ಎಂದಾಗಲೂ, ‘ಯಾವ ಬೆದರಿಕೆಗೂ ಜಗ್ಗಲಿಲ್ಲ’ ಎಂದು ಪತ್ರಿಕೆಯಲ್ಲಿ ಓದಿದಾಗಲೂ ಅಲ್ಲಿರುವುದು ಬಾಗುವ, ಮಣಿಯುವ, ಕುಗ್ಗುವ ಅರ್ಥ. ನನಗೆ ಕಾಣುವಂತೆ ಇವು ಬೇರೆ ಬೇರೆ ಪದಗಳಲ್ಲ. ಎಳೆಯುವುದು ಒಂದು ತುದಿ, ಎಳೆತಕ್ಕೆ ಒಳಗಾಗಿ ಸರಿಯುವುದು ಇನ್ನೊಂದು ತುದಿ. ಹಗ್ಗಜಗ್ಗಾಟದಲ್ಲಿ ಜಗ್ಗಿದವನು ಗೆಲ್ಲುತ್ತಾನೆ ಎಂದರೂ ಸರಿ, ಜಗ್ಗಿದವನು ಸೋಲುತ್ತಾನೆ ಎಂದರೂ ಸರಿ. ಆಟದಲ್ಲಿ ಯಾರು ಎತ್ತ ಸರಿದರು ಎಂಬುದು ಕಣ್ಣಿಗೆ ಕಾಣುವುದರಿಂದ ಗೊಂದಲವಾಗುವುದಿಲ್ಲ. ಕಾಗದದ ಮೇಲೆ ಅದು ಕಾಣುವುದಿಲ್ಲ.

ವ್ಯಾಕರಣವೂ ಈ ಗೊಂದಲಕ್ಕೆ ಇಂಬು ಕೊಡುತ್ತದೆ. ನಿರ್ಜೀವ ವಸ್ತು ಕರ್ಮವಾದಾಗ ‘ಅನ್ನು’ ಪ್ರತ್ಯಯವನ್ನು ಬಿಡುವುದು ನಮಗೆ ರೂಢಿ: ನೀರು ತಂದೆ, ಕಟ್ಟಿಗೆ ಒಡೆದೆ. ಹಾಗೆಯೇ ‘ಬಟ್ಟೆ ಜಗ್ಗಿದೆ’ ಎಂದರೆ ‘ನಾನು ಬಟ್ಟೆಯನ್ನು ಎಳೆದೆ’ ಎಂದಾಗಬಹುದು, ‘ಬಟ್ಟೆ ಜೋತುಬಿದ್ದಿದೆ’ ಎಂದೂ ಆಗಬಹುದು. ‘ಬಾಗಿಲು ಮುಚ್ಚಿದೆ’ ಎಂಬ ಮಾತೂ ಇದೇ ಜಾತಿಯದು. ನಾನು ಮುಚ್ಚಿದೆ ಎಂದೂ ತಿಳಿಯಬಹುದು, ಅದು ಮುಚ್ಚಿಕೊಂಡಿದೆ ಎಂದೂ ತಿಳಿಯಬಹುದು. ಆದರೆ ಅಲ್ಲಿ ಎರಡು ಅರ್ಥಗಳ ಫಲ ಒಂದೇ, ಹೇಗೆ ಓದಿದರೂ ಬಾಗಿಲು ತೆರೆದಿಲ್ಲ. ಜಗ್ಗಿದೆ ಎಂಬಲ್ಲಿ ಫಲವೇ ತಿರುವುಮುರುವಾಗುತ್ತದೆ. ಇಂಥ ಇನ್ನೊಂದು ಕನ್ನಡ ಕ್ರಿಯಾಪದ, ಅಂದರೆ ಕರ್ಮ ಇದ್ದಾಗ ಒಂದು ಸ್ಥಿತಿ, ಇಲ್ಲದಾಗ ಅದಕ್ಕೆ ನೇರ ವಿರುದ್ಧವಾದ ಸ್ಥಿತಿ ಹೇಳುವಂಥದ್ದು, ನಿಮ್ಮ ಗಮನಕ್ಕೆ ಬಂದಿದ್ದರೆ ದಯವಿಟ್ಟು ತಿಳಿಸಿ. ವ್ಯಾಕರಣ ಬಲ್ಲವರಿಂದ ಇದನ್ನು ಕೇಳಬೇಕೆಂಬುದು ನನ್ನ ಬಹಳ ದಿನದ ಆಸೆಯೂ ಹೌದು.

ಇದರ ಮೇಲೆ ಬಳ್ಳಾರಿ ಸೀಮೆಯ ‘ಜಗ್ಗಿ’ ಬೇರೆ ಇದೆ. ‘ಸಂತೆಯಲ್ಲಿ ಜಗ್ಗಿ ಜನ ಇದ್ದರು’ ಎಂದರೆ ತುಂಬಾ ಜನ ಇದ್ದರು ಎಂದರ್ಥ. ಈಗ ಕರಡಿನ ಇನ್ನೊಂದು ಸಾಲನ್ನು ನೋಡಿ: ‘ಮುಂದಿನ ಪಟ್ಟಿಗಳನ್ನು ಜಗ್ಗಿ ಬಿಗಿಯಿರಿ.’ ಎಳೆದು ಬಿಗಿಯಿರಿ ಎಂಬುದು ನನ್ನ ಉದ್ದೇಶ. ಬಳ್ಳಾರಿಯ ಓದುಗ ಇದನ್ನು ‘ಬಲು ಬಿಗಿಯಿರಿ’ ಎಂದು ಓದಿಕೊಂಡರೆ ತಪ್ಪೆನ್ನಲಾಗದು. ಈ ಕೆಲಸದಲ್ಲಿ ಅತಿಯಾದ ಬಿಗಿಯೇ ದೊಡ್ಡ ಅಪಾಯ.

ಅದು ಹೇಗೆಂದು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಯಾವ ಪದ ಸೂಕ್ತ ಎಂಬುದು ಇದರ ಮೇಲೆಯೇ ನಿಂತಿದೆ. ಎರಡು ಕಮಾನುಗಳ ನಡುವೆ ಎಳೆದು ಹಿಡಿದ ಬಟ್ಟೆ ತನ್ನ ಭಾರಕ್ಕೇ ನಡುವೆ ಸ್ವಲ್ಪ ಇಳಿಯುತ್ತದೆ. ಆ ಇಳಿತವನ್ನು ಅರ್ಧಕ್ಕೆ ತರಬೇಕೆಂದರೆ ಎಳೆತವನ್ನು ಸುಮಾರು ಎರಡು ಪಟ್ಟು ಮಾಡಬೇಕು, ಮತ್ತೆ ಅರ್ಧಕ್ಕೆ ಇಳಿಸಬೇಕೆಂದರೆ ಇನ್ನೂ ಎರಡು ಪಟ್ಟು. ಪೂರ್ತಿ ಸಪಾಟು ಮಾಡುತ್ತೇನೆಂದು ಹಟ ಹಿಡಿದರೆ ಆ ಎಳೆತವೆಲ್ಲ ಹೊಲಿಗೆಯ ಸಾಲಿಗೂ ಪಟ್ಟಿ ಸೇರುವ ಮೂಲೆಗೂ ಹೋಗಿ ಕೂರುತ್ತದೆ. ಬಟ್ಟೆ ಗಟ್ಟಿಯಾಗಿಯೇ ಇರುತ್ತದೆ, ಹೊಲಿಗೆ ಬಿಡುತ್ತದೆ. ಆದರೆ ಸಡಿಲ ಬಿಟ್ಟರೂ ಕೇಡೇ. ಬಟ್ಟೆ ಜೋತ ಕಡೆ ಮಳೆನೀರು ನಿಲ್ಲುತ್ತದೆ. ಒಂದು ಚದರ ಮೀಟರಿನಷ್ಟು ಜಾಗದಲ್ಲಿ ಒಂದೇ ಒಂದು ಸೆಂಟಿಮೀಟರ್ ನೀರು ನಿಂತರೂ ಅದು 10 ಲೀಟರ್, ಎಂದರೆ 10 ಕಿಲೋ. ಆ ಭಾರಕ್ಕೆ ಬಟ್ಟೆ ಇನ್ನಷ್ಟು ಹಿಗ್ಗುತ್ತದೆ, ಹಿಗ್ಗಿದಲ್ಲಿ ಮುಂದಿನ ಮಳೆಗೆ ಇನ್ನಷ್ಟು ನೀರು ಸೇರುತ್ತದೆ. ಸಡಿಲ ಬಟ್ಟೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತದೆ ಕೂಡ. ಜೂನ್‌ನಿಂದ ಆಗಸ್ಟ್‌ವರೆಗೆ ಹಿನ್ನೀರಿನ ಮೇಲೆ ಬೀಸುವ ಪಡುವಣ ಗಾಳಿಯನ್ನು ಕಂಡವರಿಗೆ ಆ ಬಡಿತ ಎಷ್ಟು ಬೇಗ ಅಂಚನ್ನು ಸೀಳಬಲ್ಲದು ಎಂಬುದು ಗೊತ್ತು.

ಹಾಗಾಗಿ ನನಗೆ ಬೇಕಿರುವುದು ಸಡಿಲವೂ ಅಲ್ಲದ, ಬಿರಿಯುವಷ್ಟು ಬಿಗಿಯೂ ಅಲ್ಲದ ಸ್ಥಿತಿಯನ್ನು ಹೇಳುವ ಪದ. ಬರೀ ‘ಬಿಗಿ’ ಸಾಲದು, ಅದಕ್ಕೆ ಮೇಲ್ಮಿತಿಯೇ ಇಲ್ಲ. ‘ಸೆಟೆ’ ಎಂದರೆ ಮಿತಿ ಮೀರಿತು. ಸೆಟೆದ ಮೈಯಲ್ಲಿ ಬಾಗುವ ಗುಣ ಉಳಿದಿರುವುದಿಲ್ಲ. ಕರಡಿನಲ್ಲಿ ನಾನು ‘ಹದಬಿಗಿ’ ಎಂದು ಬರೆದುಕೊಂಡಿದ್ದೇನೆ. ಹದ ಎಂಬ ಮಾತು ಒಕ್ಕಲಿಗನಿಗೂ ಗೊತ್ತು, ಅಡುಗೆಯವರಿಗೂ ಗೊತ್ತು, ಬಿತ್ತನೆಗೆ ಭೂಮಿ ಹದವಾಗಿದೆ ಎಂದರೆ ಯಾರೂ ಅಳತೆ ಕೇಳುವುದಿಲ್ಲ. ಆದರೂ ಹುಡುಗರ ಕೈಗೆ ಒಂದು ಗುರುತು ಇರಲಿ ಎಂದು ಇಷ್ಟು ಸೇರಿಸಿದೆ: ‘ಅಂಗೈಯಿಂದ ನಡುವೆ ಮೆಲ್ಲಗೆ ಒತ್ತಿ. ಬಟ್ಟೆ ತುಸು ಇಳಿದು, ಕೈ ತೆಗೆದ ಕೂಡಲೇ ತಾನೇ ಮೇಲೆದ್ದರೆ ಹದಬಿಗಿ. ಒತ್ತಿದ ಗುರುತು ಹಾಗೆಯೇ ಉಳಿದರೆ ಇನ್ನೂ ಸಡಿಲ. ಒತ್ತಿದಾಗ ಹೊಲಿಗೆಯ ತೂತುಗಳು ಬಾಯಿ ಬಿಟ್ಟು ಬೆಳಕು ಕಂಡರೆ ಅತಿಬಿಗಿ, ಪಟ್ಟಿಯನ್ನು ಕೂಡಲೇ ಸಡಿಲಿಸಿ.’ ‘ಹದಬಿಗಿ’ ಕಿವಿಗೆ ಹಿತವಾಗಿ ಕೇಳುತ್ತದೆಯೇ? ‘ಹದವಾದ ಬಿಗಿ’ ಎಂದು ಬಿಡಿಸಿ ಬರೆಯುವುದೇ ಮೇಲೋ?

ಮತ್ತೆ ಜಗ್ಗುವಿಗೆ ಬರುತ್ತೇನೆ. ಬರವಣಿಗೆಯಲ್ಲಿ ಅದನ್ನು ಪೂರ್ತಿ ಬಿಟ್ಟು ಎಳೆ, ಜೋಲು, ಬಿಗಿ ಎಂಬ ಮೂರರಲ್ಲೇ ಮುಗಿಸಿದರೆ ಗೊಂದಲವಿಲ್ಲ ಎಂದು ಶಿಕ್ಷಕಿ ಹೇಳಿದರು. ಅದು ನನಗೆ ಒಪ್ಪಿಗೆಯಿಲ್ಲ. ದಿನವಿಡೀ ‘ಜಗ್ಗು, ಇನ್ನೂ ಜಗ್ಗು’ ಎಂದು ಕೂಗುತ್ತ ಕೆಲಸ ಮಾಡುವವರ ಕೈಗೆ ಆ ಪದವೇ ಇಲ್ಲದ ಹಾಳೆ ಕೊಟ್ಟರೆ ಅದು ಅವರಿಗಾಗಿ ಬರೆದದ್ದೆಂದು ಅವರಿಗೆ ಅನ್ನಿಸುವುದಾದರೂ ಹೇಗೆ? ನನ್ನ ಆಲೋಚನೆ ಹೀಗಿದೆ. ಜಗ್ಗು ಇರಲಿ, ಆದರೆ ಪಟ್ಟಿಗೆ ಮತ್ತು ಹಗ್ಗಕ್ಕೆ ಮಾತ್ರ. ಕರ್ಮಕ್ಕೆ ತಪ್ಪದೆ ‘ಅನ್ನು’ ಸೇರಿಸಿ, ವಿಧಿರೂಪದಲ್ಲಿ ಮಾತ್ರ ಬಳಸುವುದು: ‘ಪಟ್ಟಿಯನ್ನು ಜಗ್ಗಿರಿ’. ಬಟ್ಟೆಯ ಸ್ಥಿತಿ ಹೇಳುವಾಗ ಅದನ್ನು ಬಳಸದೆ ‘ಬಟ್ಟೆ ಜೋತಿದೆ’, ‘ಬಟ್ಟೆ ಬಿಗಿಯಾಗಿದೆ’ ಎನ್ನುವುದು. ‘ಜಗ್ಗಿ ಬಿಗಿಯಿರಿ’ ಎಂದು ಕೂಡಿಸುವ ಬದಲು ‘ಪಟ್ಟಿಯನ್ನು ಜಗ್ಗಿರಿ, ಆಮೇಲೆ ಬಕ್ಕಲಿನಲ್ಲಿ ಬಿಗಿಯಿರಿ’ ಎಂದು ಬೇರೆ ಮಾಡುವುದು. ಇದರಲ್ಲಿ ತೊಡಕು ಕಂಡರೆ ಹೇಳಿ.

ಇನ್ನು ಆ ಟಾಪಿನ ಹೆಸರು. ನಮ್ಮ ನದಿಯ ದೋಣಿಗಳಲ್ಲಿ ಇದಕ್ಕೊಂದು ಹಳೆಯ ಹೆಸರು ಸಿಗಬಹುದೇ ಎಂದು ಹುಡುಕಿದೆ, ಸಿಗಲಿಲ್ಲ. ಸಿಗದಿರುವುದು ಸಹಜವೂ ಹೌದು. ಇಲ್ಲಿನ ದೋಣಿ ಎಂದರೆ ಹರಿಗೋಲು. 1520ರ ಸುಮಾರಿಗೆ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಆನೆಗೊಂದಿಯ ಕಡೆ ಜನ ಬುಟ್ಟಿಯಂತೆ ದುಂಡಗಿರುವ ದೋಣಿಗಳಲ್ಲಿ ನದಿ ದಾಟುವುದನ್ನು ವಿವರಿಸಿದ್ದಾನೆ. ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ದೋಣಿ ನೇರವಾಗಿ ಹೋಗದೆ ಸುತ್ತುತ್ತಲೇ ಸಾಗುತ್ತದೆ ಎಂದು ಬರೆದಿದ್ದಾನೆ. ಸಾಣಾಪುರದ ಕೆರೆಯಲ್ಲಿ ಇಂದು ಪ್ರವಾಸಿಗರು ಕುಳಿತು ಸುತ್ತುವುದೂ ಅದೇ ದುಂಡು ಹರಿಗೋಲಿನಲ್ಲಿ, ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ ಬಂದಿದೆ ಅಷ್ಟೆ. ಹೀಗೆ ಸುತ್ತುತ್ತ ಸಾಗುವ ದೋಣಿಗೆ ಕಂಬ ನಿಲ್ಲಿಸಿ ಬಟ್ಟೆ ಕಟ್ಟುವ ಮಾತೇ ಇರಲಿಲ್ಲ. ಈ ದಡದಿಂದ ಆ ದಡಕ್ಕೆ ಹೋಗುವ ಹೊತ್ತಿಗೆ ನೆರಳಿನ ಅಗತ್ಯವೂ ಇರಲಿಲ್ಲ. ಆದ್ದರಿಂದ ಹೆಸರನ್ನು ನೆಲದ ಮೇಲೆಯೇ ಹುಡುಕಬೇಕು.

ನೆಲದ ಮೇಲೆ ಹೆಸರುಗಳಿಗೆ ಬರವಿಲ್ಲ. ಮದುವೆಗೆ ಹಾಕುವ ಹಂದರ ಇದೆ, ತೆಂಕಣದವರ ಚಪ್ಪರ ಇದೆ, ಆದರೆ ಎರಡೂ ಕಂಬ ನೆಟ್ಟು ನಿಲ್ಲಿಸುವಂಥವು, ಮಡಚುವಂಥವಲ್ಲ. ಗುಡಾರ, ಡೇರೆ ಎಂದರೆ ಬದಿಗಳೂ ಮುಚ್ಚಿರಬೇಕು. ತಾಡಪತ್ರಿ ಎನ್ನೋಣವೇ ಎಂದರೆ, ಅದು ವಸ್ತುವಿನ ಹೆಸರು. ಭತ್ತ ಒಣಗಿಸಲು ಹಾಸಿದರೂ ತಾಡಪತ್ರಿಯೇ, ಲಾರಿಗೆ ಹೊದಿಸಿದರೂ ತಾಡಪತ್ರಿಯೇ. ಜೊತೆಗೆ ಇಲ್ಲಿ ಬೇಕಿರುವುದು ಗಾಳಿಯಾಡುವ ನೇಯ್ಗೆಯ ಬಟ್ಟೆ. ಪ್ಲಾಸ್ಟಿಕ್ ಲೇಪದ ತಾಡಪತ್ರಿ ಕಟ್ಟಿದರೆ ಕೆಳಗೆ ಸೆಕೆ ನಿಲ್ಲುತ್ತದೆ. ಹಳಗನ್ನಡದಿಂದ ಬಂದು ಇಂದಿಗೂ ಪೂಜೆಯ ಮನೆಗಳಲ್ಲಿ, ಮಂಟಪಗಳಲ್ಲಿ ಕೇಳುವ ‘ಮೇಲ್ಕಟ್ಟು’ ನನಗೆ ಬಹಳ ಹಿಡಿಸಿತು. ಮೇಲೆ ಕಟ್ಟಿದ್ದು ಮೇಲ್ಕಟ್ಟು. ಅದರಲ್ಲಿ ಬಟ್ಟೆಯೂ ಇದೆ, ಕಟ್ಟುವುದೂ ಇದೆ, ಬದಿ ಮುಚ್ಚಬೇಕೆಂಬ ಕಟ್ಟಳೆಯೂ ಇಲ್ಲ. ‘ವಿತಾನ’ ಎಂದು ಬರೆದರೆ ಹುಡುಗರು ಹಾಳೆಯನ್ನು ಮಡಚಿ ಜೇಬಿಗಿಡುತ್ತಾರೆ. ಮಾತಿನಲ್ಲಿ ಅವರು ಟಾಪು ಎನ್ನುತ್ತಲೇ ಇರಲಿ, ಅದನ್ನು ತಿದ್ದುವ ಹಕ್ಕು ಯಾರಿಗೂ ಇಲ್ಲ. ಹಾಳೆಯ ತಲೆಬರಹದಲ್ಲಿ ಮಾತ್ರ ‘ದೋಣಿಯ ಮೇಲ್ಕಟ್ಟು (ಟಾಪು)’ ಎಂದು ಎರಡನ್ನೂ ಕೊಡಬೇಕೆಂದಿದ್ದೇನೆ.

ಬಿಡಿಭಾಗಗಳ ಪೈಕಿ ಹಲವಕ್ಕೆ ಕಷ್ಟವಿಲ್ಲ. ಬಾಗಿದ ಪೈಪಿಗೆ ಕಮಾನು, ಕಮಾನು ಬಂಡಿಯನ್ನು ಕಂಡವರಿಗೆ ವಿವರಣೆ ಬೇಡ. ಪಟ್ಟಿಗೆ ನವಾರು, ನವಾರಿನ ಮಂಚ ಈಗ ಅಪರೂಪವಾದರೂ ಪದ ಅಂಗಡಿಯಲ್ಲಿ ಉಳಿದಿದೆ, ‘ಒಂದು ಇಂಚಿನ ನವಾರು ಕೊಡಿ’ ಎಂದರೆ ಕೊಡುತ್ತಾರೆ. ಯಾವ ನವಾರು ಎಂಬುದನ್ನು ಮಾತ್ರ ಹಾಳೆಯಲ್ಲಿ ಒತ್ತಿ ಹೇಳಿದ್ದೇನೆ. ನೈಲಾನ್ ನವಾರು ನೆನೆದರೆ ಹಿಗ್ಗುತ್ತದೆ, ಮಳೆಯಲ್ಲೇ ಮೇಲ್ಕಟ್ಟು ಸಡಿಲವಾಗುತ್ತದೆ. ಪಾಲಿಯೆಸ್ಟರ್ ನವಾರು ಹಾಗೆ ಹಿಗ್ಗುವುದಿಲ್ಲ. ಬಟ್ಟೆಯ ವಿಷಯದಲ್ಲೂ ಇಂಥದೇ ಭೇದವಿದೆ. ಹತ್ತಿಯ ಕಿತ್ತಾನು ಬಟ್ಟೆ ನೆನೆದಾಗ ನೂಲು ಉಬ್ಬಿ ಬಟ್ಟೆ ಕುಗ್ಗುತ್ತದೆ, ಒಣಗಿದ್ದಾಗ ಗಟ್ಟಿಯಾಗಿ ಬಿಗಿದಿದ್ದರೆ ಮಳೆಯಲ್ಲಿ ಮೂಲೆಗಳೇ ಕಿತ್ತುಬರುತ್ತವೆ. ಅಕ್ರಿಲಿಕ್ ಬಟ್ಟೆಯಲ್ಲಿ ಆ ಕಾಟವಿಲ್ಲ. ‘ಕಿತ್ತಾನು’ ಪದ ನಿಮ್ಮ ಕಡೆ ಇನ್ನೂ ಬಳಕೆಯಲ್ಲಿದೆಯೇ? ಇಲ್ಲಿ ಹಿರಿಯರ ಬಾಯಲ್ಲಿದೆ, ಕಿರಿಯರು ಕ್ಯಾನ್ವಾಸ್ ಎನ್ನುತ್ತಾರೆ. ‘ಹಾಯಿಬಟ್ಟೆ’ ಪುಸ್ತಕದಲ್ಲಿ ಚೆನ್ನ, ಹಾಯಿಯನ್ನೇ ಕಾಣದ ನಮ್ಮ ಸೀಮೆಯಲ್ಲಿ ಅದು ದೂರದ ಮಾತು.

ಕೆಟ್ಟುಹೋದದ್ದನ್ನು ಹೇಳುವ ಪದಗಳಲ್ಲಿ ನಮ್ಮ ಭಾಷೆ ಎಷ್ಟು ಸೂಕ್ಷ್ಮ ಎಂಬುದು ಈ ಕೆಲಸದಲ್ಲಿ ನನಗೆ ಮನವರಿಕೆಯಾಯಿತು. ಇಂಗ್ಲಿಷ್ ಕೈಪಿಡಿ ಉದ್ದುದ್ದ ವಾಕ್ಯಗಳಲ್ಲಿ ವಿವರಿಸಿದ್ದನ್ನು ಇಲ್ಲಿಯ ಹೊಲಿಗೆಯವರು ಎರಡೇ ಮಾತಿನಲ್ಲಿ ಹೇಳುತ್ತಾರೆ. ‘ಹೊಲಿಗೆ ಬಿಟ್ಟಿದೆ’ ಎಂದರೆ ಬಟ್ಟೆ ಸರಿಯಿದೆ, ದಾರ ಹೋಗಿದೆ. ದೋಣಿಯ ಮೇಲ್ಕಟ್ಟಿನಲ್ಲಿ ಹೆಚ್ಚಾಗಿ ಮೊದಲು ಆಗುವುದು ಇದೇ. ಬಿಸಿಲಿಗೆ ಅಕ್ರಿಲಿಕ್ ಬಟ್ಟೆಗಿಂತ ಪಾಲಿಯೆಸ್ಟರ್ ದಾರ ಬೇಗ ಸವೆಯುತ್ತದೆ. ಆಗ ಹಳೆಯ ತೂತಿನ ಸಾಲಿನ ಮೇಲೆಯೇ ಮತ್ತೊಮ್ಮೆ ಹೊಲಿದರೆ ಕೆಲಸ ಮುಗಿಯಿತು. ‘ಹರಿದಿದೆ’ ಎಂದರೆ ಬಟ್ಟೆಗೇ ಪೆಟ್ಟು, ತೇಪೆ ಬೇಕು. ‘ಲಡ್ಡಾಗಿದೆ’ ಎಂದರೆ ಬಟ್ಟೆಯ ಜೀವವೇ ಹೋಗಿದೆ, ತೇಪೆ ಹಾಕಿದರೆ ತೇಪೆಯ ಅಂಚಿನಲ್ಲೇ ಮತ್ತೆ ಹರಿಯುತ್ತದೆ, ಹೊಸದನ್ನೇ ಹಾಕಿಸಬೇಕು. ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದಾಗ ಸದ್ದಿಲ್ಲದೆ ಬಿಟ್ಟುಕೊಂಡರೆ ಅದು ಲಡ್ಡು. ತಿನ್ನುವ ಲಡ್ಡುವಿಗೂ ಇದಕ್ಕೂ ಸಂಬಂಧವಿಲ್ಲ. ಆದರೆ ಬರವಣಿಗೆಯಲ್ಲಿ ಓದುಗರು ಒಂದು ಕ್ಷಣ ತಡವರಿಸಬಹುದೆಂದು ‘ಬಟ್ಟೆ ಲಡ್ಡು ಹಿಡಿದಿದೆ’ ಎಂದು ಬರೆದಿದ್ದೇನೆ. ಮೈಸೂರು, ಮಂಡ್ಯ, ಕರಾವಳಿಯವರು ಈ ಸ್ಥಿತಿಗೆ ಏನೆನ್ನುತ್ತೀರಿ?

ತೇಪೆ ಎಂಬ ಪದದಲ್ಲಿ ಒಂದು ಎಚ್ಚರ ಬೇಕಾಯಿತು. ನಮ್ಮ ಕಡೆ ತೇಪೆ ಎಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಕೌದಿ. ಕೌದಿಯಲ್ಲಿ ಬಟ್ಟೆಯ ತುಂಡು ಯಾವ ದಿಕ್ಕಿಗಿದ್ದರೂ ನಡೆಯುತ್ತದೆ. ಅದು ಹಾಸಿಗೆಯ ಮೇಲೆ ಹಗುರಾಗಿ ಬಿದ್ದಿರುತ್ತದೆ, ಯಾರೂ ಅದನ್ನು ನಾಲ್ಕು ಮೂಲೆಯಿಂದ ಎಳೆದು ಕಟ್ಟುವುದಿಲ್ಲ. ಮೇಲ್ಕಟ್ಟಿನ ತೇಪೆ ಹಗಲೂ ರಾತ್ರಿ ಎಳೆತದಲ್ಲಿರುತ್ತದೆ. ಬಟ್ಟೆ ಹಾಸಿನ (ಉದ್ದ ನೂಲಿನ) ದಿಕ್ಕಿಗೆ, ಹೊಕ್ಕಿನ (ಅಡ್ಡ ನೂಲಿನ) ದಿಕ್ಕಿಗೆ ಕಡಿಮೆ ಹಿಗ್ಗುತ್ತದೆ, ಓರೆಯಾಗಿ ಎಳೆದರೆ ಬಹಳ ಹಿಗ್ಗುತ್ತದೆ. ತೇಪೆಯನ್ನು ಓರೆಯಾಗಿ ಕತ್ತರಿಸಿ ಹಾಕಿದರೆ ಅದು ಹಿಗ್ಗುತ್ತದೆ, ಸುತ್ತಲಿನ ಬಟ್ಟೆ ಹಿಗ್ಗುವುದಿಲ್ಲ, ಅಲ್ಲೇ ಒಂದು ಸುಕ್ಕು, ಸುಕ್ಕಿನಲ್ಲಿ ನೀರು. ಆದ್ದರಿಂದ ಕರಡಿನಲ್ಲಿ ಹೀಗೆ ಬರೆದೆ: ‘ತೇಪೆಯ ಹಾಸು ಮೇಲ್ಕಟ್ಟಿನ ಹಾಸಿನ ಮೇಲೆಯೇ ಬರಲಿ, ಹೊಕ್ಕು ಹೊಕ್ಕಿನ ಮೇಲೆ ಬರಲಿ. ಹರಕಿನ ಸುತ್ತ ಎಲ್ಲ ಕಡೆ ನಾಲ್ಕೈದು ಸೆಂಟಿಮೀಟರ್ ಹೆಚ್ಚಿರಲಿ. ಮೂಲೆಗಳನ್ನು ದುಂಡಗೆ ಕತ್ತರಿಸಿ, ಅಂಚನ್ನು ಒಳಕ್ಕೆ ಮಡಚಿ ಹೊಲಿಯಿರಿ.’ ಹಾಸುಹೊಕ್ಕು ಎಂಬ ಜೋಡಿಪದವನ್ನು ಅಲಂಕಾರದ ಮಾತಿನಲ್ಲಷ್ಟೇ ಕೇಳಿ ಬೆಳೆದ ಹುಡುಗರಿಗೆ ಅದು ನೇಕಾರರ ಮಗ್ಗದ ಪದ ಎಂಬುದನ್ನು ಒಂದು ಸಾಲಿನಲ್ಲಿ ತಿಳಿಸಬೇಕಾಯಿತು. ಕೊಪ್ಪಳದ ಪಕ್ಕದ ಭಾಗ್ಯನಗರದ ನೇಕಾರರ ಮನೆಗಳಲ್ಲಿ ಹೇಳಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ.

ಸೂಜಿಯ ಬಗ್ಗೆಯೂ ಒಂದು ಮಾತು. ಹುಡುಗರು ಕೈಗೆ ಸಿಕ್ಕಿದ ದಬ್ಬಣದಿಂದ ಹೊಲಿಯಲು ಹೊರಡುತ್ತಾರೆ. ದಬ್ಬಣ ಗೋಣಿಚೀಲಕ್ಕೆ ಸರಿ. ಇಲ್ಲಿ ಅದು ಮಾಡುವ ತೂತು ದಾರಕ್ಕಿಂತ ದೊಡ್ಡದಾಗಿ ನೀರು ಇಳಿಯುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಯುವವರ ಬಳಿ ದಪ್ಪ ಬಟ್ಟೆಗೆಂದೇ ಇರುವ ಯಂತ್ರಗಳಿವೆ, 18ನೇ ನಂಬರಿನ ಸೂಜಿ ಹಾಕಿ ಅವರು ಕೆಲವೇ ನಿಮಿಷಗಳಲ್ಲಿ ಗಟ್ಟಿ ಸಾಲು ಹೊಲಿದುಕೊಡುತ್ತಾರೆ. ದೊಡ್ಡ ಹರಕಾದರೆ ಅವರಲ್ಲಿಗೇ ಒಯ್ಯುವುದು ಮೇಲು ಎಂಬುದು ನನ್ನ ಅಭಿಪ್ರಾಯ.

ಅವರ ಒಂದು ಹೊಲಿಗೆಗೆ ಕನ್ನಡದ ಹೆಸರು ಬೇಕು. ಜೀನ್ಸ್ ಪ್ಯಾಂಟಿನ ಕಾಲಿನ ಒಳಬದಿಯಲ್ಲಿ ನೋಡಿರುತ್ತೀರಿ: ಎರಡು ಬಟ್ಟೆಗಳ ಅಂಚನ್ನು ಒಂದರೊಳಗೊಂದು ಮಡಚಿ, ಮೇಲೆ ಅಕ್ಕಪಕ್ಕ ಎರಡು ಸಾಲು ಹೊಲಿಗೆ ಹಾಕಿರುತ್ತಾರೆ. ಕತ್ತರಿಸಿದ ಅಂಚು ಎಲ್ಲೂ ಹೊರಗೆ ಕಾಣುವುದಿಲ್ಲ, ಎಳೆತ ಎರಡೂ ಸಾಲಿಗೆ ಹಂಚಿಹೋಗುತ್ತದೆ. ಮೇಲ್ಕಟ್ಟಿನ ಅಗಲ ಜೋಡಿಸುವುದೂ ಇದೇ ಹೊಲಿಗೆಯಲ್ಲಿ. ‘ಜೋಡಿ ಹೊಲಿಗೆ’ ಎಂದರೆ ಎರಡು ಸಾಲಷ್ಟೇ ತಿಳಿಯುತ್ತದೆ, ಮಡಿಕೆ ತಿಳಿಯುವುದಿಲ್ಲ. ನಾನು ತಾತ್ಕಾಲಿಕವಾಗಿ ‘ಕೂಡುಮಡಿಕೆ ಹೊಲಿಗೆ’ ಎಂದು ಬರೆದಿದ್ದೇನೆ. ದರ್ಜಿಗಳ ಬಾಯಲ್ಲಿ ಇದಕ್ಕೆ ಈಗಾಗಲೇ ಹೆಸರಿದ್ದರೆ ನನ್ನದನ್ನು ಸಂತೋಷದಿಂದ ಅಳಿಸುತ್ತೇನೆ.

ಇನ್ನೊಂದು, ಕಮಾನು ಹಾಯುವಂತೆ ಬಟ್ಟೆಯನ್ನು ಉದ್ದಕ್ಕೆ ಮಡಚಿ ಕೊಳವೆಯಂತೆ ಹೊಲಿದ ಭಾಗ. ಪೈಜಾಮದಲ್ಲಿ ಲಾಡಿ ತೂರಿಸುವುದು ಇಂಥದೇ ಜಾಗದಲ್ಲಿ. ಮೇಲ್ಕಟ್ಟನ್ನು ಬಿಗಿಗೊಳಿಸುವಾಗ ಇದಕ್ಕೆ ಬಹಳ ಮಹತ್ವವಿದೆ. ಪಟ್ಟಿಗಳನ್ನು ಕೊನೆಯವರೆಗೆ ಎಳೆದ ಮೇಲೂ ಬಟ್ಟೆ ಜೋತಿದ್ದರೆ, ಅದು ಪೂರ್ತಿ ಹಿಗ್ಗಿದೆ ಎಂದರ್ಥ. ಆಗ ಈ ಕೊಳವೆಯ ಪಕ್ಕದಲ್ಲಿ ಒಂದು ಮಡಿಕೆ ಹಿಡಿದು ಹೊಲಿದು ಉದ್ದವನ್ನು ಕಡಿಮೆ ಮಾಡಬೇಕು. ಎಷ್ಟು ಹಿಡಿಯಬೇಕು ಎಂಬುದನ್ನು ದೋಣಿಯ ಮೇಲೆ ಕಟ್ಟಿದಲ್ಲೇ ಚಿವುಟಿ, ಪಿನ್ ಚುಚ್ಚಿ ಗುರುತಿಸಿಕೊಂಡು, ಕಚ್ಚಾ ಹೊಲಿಗೆ ಹಾಕಿ ಒಮ್ಮೆ ಏರಿಸಿ ನೋಡಿ, ಆಮೇಲೆ ಪಕ್ಕಾ ಹೊಲಿಗೆ ಹಾಕಬೇಕು. ತಾಡಪತ್ರಿಯ ಹಿರಿಯರನ್ನು ‘ಕಾಕಾ, ಈ ಕೊಳವೆಗೆ ಏನೆನ್ನುತ್ತೀರಿ?’ ಎಂದು ಕೇಳಿದೆ. ‘ಹೆಸರು ಯಾಕೆ ಬೇಕು ಸರ್, ಪೈಪು ಹೋಗುವ ಜಾಗ ಎಂದರೆ ಸಾಕು’ ಎಂದರು. ಅವರ ಮಾತು ನಿಜವೇ. ಆದರೆ ಎರಡು ಪುಟದ ಹಾಳೆಯಲ್ಲಿ ಆ ಜಾಗ ಮತ್ತೆ ಮತ್ತೆ ಬರುತ್ತದೆ, ಪ್ರತಿ ಸಲವೂ ‘ಪೈಪು ಹೋಗುವ ಜಾಗ’ ಎಂದು ಬರೆದರೆ ವಾಕ್ಯ ಕುಂಟುತ್ತದೆ. ಲಾಡಿ ತೂರಿಸುವ ಆ ಮಡಿಕೆಗೆ ನಿಮ್ಮ ಮನೆಗಳಲ್ಲಿ, ನಿಮ್ಮ ದರ್ಜಿಯವರಲ್ಲಿ ಯಾವ ಪದವಿದೆಯೋ ತಿಳಿಸಿ. ಅದನ್ನೇ ಇಲ್ಲಿಗೆ ತಂದುಕೊಳ್ಳುತ್ತೇನೆ.

ಉತ್ತರ ಬರೆಯುವವರು ಪದದ ಜೊತೆಗೆ ತಮ್ಮ ಊರು ಯಾವುದು, ಆ ಪದವನ್ನು ಯಾರ ಬಾಯಿಂದ ಕೇಳಿದ್ದು ಎಂಬುದನ್ನೂ ಬರೆದರೆ ಉಪಕಾರವಾಗುತ್ತದೆ. ಮುಖ್ಯವಾಗಿ ಜಗ್ಗುವಿನ ವಿಷಯದಲ್ಲಿ, ‘ಬಟ್ಟೆ ಜಗ್ಗಿದೆ’ ಎಂದು ಯಾರಾದರೂ ಹೇಳಿದರೆ ನಿಮ್ಮ ಕಣ್ಣಿಗೆ ಮೊದಲು ಬರುವುದು ಬಿಗಿಯಾದ ಬಟ್ಟೆಯೋ ಜೋತ ಬಟ್ಟೆಯೋ, ಅದನ್ನು ಯೋಚಿಸದೆ ತಟ್ಟನೆ ಹೇಳಿ. ಯಾವ ತಾಲ್ಲೂಕಿನಿಂದ ಯಾವ ತಾಲ್ಲೂಕಿಗೆ ಹೋಗುವಾಗ ಅರ್ಥ ಹೊರಳುತ್ತದೆ ಎಂಬುದು ತಿಳಿದರೆ, ಹಾಳೆಯನ್ನು ಹೊಳೆಯ ಆ ದಡದ ದೋಣಿಗಳಿಗೂ ಧೈರ್ಯವಾಗಿ ಕೊಡಬಹುದು. ಮುಂಗಾರಿನ ಗಾಳಿ ಏಳುವುದರೊಳಗೆ ಅದನ್ನು ಅಚ್ಚು ಹಾಕಿಸಬೇಕಾಗಿದೆ.